ಮಿರ್ಚಿ ಬಂಡಿಯ ಎಣ್ಣೆ, ಟೆಂಪೊದ ಟ್ಯಾಂಕು

ಮುಧೋಳದಿಂದ ಓದುಗರೊಬ್ಬರು ಬರೆದಿದ್ದಾರೆ: “ಅಕ್ಕನ ಮಗ ಮಿರ್ಚಿ ಬಂಡಿಯಲ್ಲಿ ಕರಿದುಳಿದ ಎಣ್ಣೆ ಸೋಸಿ ನಮ್ಮ ಟೆಂಪೊಗೆ ಹಾಕುತ್ತೇನೆ ಅಂತಾನೆ. ಇದು ಹುಚ್ಚಾಟ ಅಲ್ವಾ? ನೀವಾದರೂ ನಾಲ್ಕು ಮಾತು ಬುದ್ಧಿ ಹೇಳಿ.”

ಹೇಳುತ್ತೇನೆ ಸಾಹೇಬರೇ, ಆದರೆ ಅವನಿಗಿಂತ ನಿಮಗೇ ಜಾಸ್ತಿ.

ನಿಮ್ಮ ಹೆದರಿಕೆ ಸುಳ್ಳಲ್ಲ. ಎಣ್ಣೆ ಡೀಸೆಲ್‌ಗಿಂತ ಬಹಳ ಮಂದ. ಸೋಸಿ ಹಾಗೇ ಸುರಿದರೆ ಎಂಜಿನ್ನಿಗೆ ಇಂಧನ ಚಿಮ್ಮಿಸುವ ನಾಝಲ್ ಕಟ್ಟುತ್ತದೆ, ಪಿಸ್ಟನ್ ರಿಂಗಿಗೆ ಮಸಿ ಹಿಡಿಯುತ್ತದೆ. ಅಷ್ಟು ಒಪ್ಪಿದೆ. ಆದರೆ ಹುಡುಗನಿಗೆ ಹುಚ್ಚ ಅನ್ನಬೇಡಿ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಒಂದನ್ನು ಶೇಂಗಾ ಎಣ್ಣೆಯಲ್ಲೇ ಓಡಿಸಿ ತೋರಿಸಿದ್ದರು. ಶೇಂಗಾ ಬೆಳೆಯುವ ನಮ್ಮ ಸೀಮೆಯಲ್ಲಿ ಇದು ಎಷ್ಟು ಜನಕ್ಕೆ ಗೊತ್ತು ಹೇಳಿ!

ಮಂದ ಕಳೆಯುವ ದಾರಿಯೂ ಇದೆ. ಎಣ್ಣೆ ಕಾಯಿಸಿ ನೀರಿನಂಶ ತೆಗೆದು, ಮೆಥನಾಲ್ ಎಂಬ ಸ್ಪಿರಿಟ್‌ನಲ್ಲಿ ಕರಗಿಸಿದ ಕಾಸ್ಟಿಕ್ ಸೋಡಾ ಬೆರೆಸಿ, ಬೆಚ್ಚಗಿಟ್ಟು ಕಲಕಿ ಬಿಟ್ಟರೆ ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ. ಮೇಲೆ ತೆಳ್ಳಗೆ ನಿಲ್ಲುವುದೇ ಬಯೋಡೀಸೆಲ್. ಅದನ್ನು ತೊಳೆದು, ನೀರು ಆರಿಸಿ, ಡೀಸೆಲ್ ಜೊತೆ ಸ್ವಲ್ಪ ಸ್ವಲ್ಪ ಬೆರೆಸುತ್ತಾರೆ. ಎಣ್ಣೆ ತೀರಾ ಸುಟ್ಟಿದ್ದರೆ ಮಾತ್ರ ಪಾತ್ರೆಯಲ್ಲಿ ಸಾಬೂನಾಗಿ ಕೂರುತ್ತದೆ.

ಈಗ ಸಂಜೆ ಬಸ್ ಸ್ಟ್ಯಾಂಡ್ ಹತ್ತಿರ ನಿಂತು ಯಾವುದಾದರೂ ಬಾಣಲೆ ನೋಡಿ. ನಿನ್ನೆಯ ಕಪ್ಪೆಣ್ಣೆಯ ಮೇಲೇ ಇವತ್ತಿನ ಪ್ಯಾಕೆಟ್ ಒಡೆದು ಸುರಿಯುತ್ತಾರೆ, ಮೆಣಸಿನಕಾಯಿ ಬಿಟ್ಟ ಕೂಡಲೇ ಬುಸ್ಸೆಂದು ನೊರೆ ಏಳುತ್ತದೆ, ನಾವು ಪೇಪರಿಗೆ ಒರೆಸಿ ಒರೆಸಿ ತಿನ್ನುತ್ತೇವೆ. ಅದು ಎಂಜಿನ್‌ಗೆ ಹೋಗುತ್ತದೆ ಅಂದರೆ ನಿಮಗೆ ಗಾಬರಿ, ಹೊಟ್ಟೆಗೆ ಹೋದರೆ ಏನೂ ಇಲ್ಲ!

ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) 2018ರಲ್ಲೇ ಬಳಸಿದ ಎಣ್ಣೆಯನ್ನು ಬಯೋಡೀಸೆಲ್‌ಗೆ ಕಳಿಸುವ ‘ರುಕೋ’ ಯೋಜನೆ ತಂದಿತು. ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಎಣ್ಣೆಯಲ್ಲಿ ಕರಿಯುವವರು ಲೆಕ್ಕ ಇಟ್ಟು, ಉಳಿದದ್ದನ್ನು ಮಾನ್ಯತೆ ಪಡೆದವರಿಗೆ ಕೊಡಬೇಕು. ಸರಿ, ನಮ್ಮ ಬಂಡಿಯವರು ಐವತ್ತು ಲೀಟರ್ ಎಲ್ಲಿ ತರಬೇಕು? ಅವರ ಎಣ್ಣೆ ಕೇಳಲು ಯಾರೂ ಬರುವುದಿಲ್ಲ. ಅದು ಗಟಾರಕ್ಕೆ, ಇಲ್ಲವೇ ಮತ್ತೆ ಬಾಣಲೆಗೆ. ಅಡಿಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದಿಂದ ತರಿಸುವವರು ನಾವು. ಇತ್ತ ಪೆಟ್ರೋಲ್‌ಗೆ ಬೆರೆಸುವ ಕಬ್ಬಿನ ಎಥನಾಲ್ ಅಂದರೆ ಬೆಳಗಾವಿಯಿಂದ ಬಾಗಲಕೋಟೆವರೆಗೆ ಎಲ್ಲರಿಗೂ ಉಮೇದು, ಯಾಕೆಂದರೆ ಅಲ್ಲಿ ಫ್ಯಾಕ್ಟರಿ ಇದೆ, ಫ್ಯಾಕ್ಟರಿಗೆ ಧಣಿ ಇದ್ದಾನೆ. ಮಿರ್ಚಿ ಬಂಡಿಗೆ ಯಾರಿದ್ದಾರೆ?

ನಿಮ್ಮ ಹುಡುಗನಿಗೆ ಇಷ್ಟು ಹೇಳಿ: ಟೆಂಪೊ ಸದ್ಯಕ್ಕೆ ಬಿಡು, ಮೊದಲು ಓಣಿಯ ಬಂಡಿಗಳ ಎಣ್ಣೆ ಒಂದು ಡ್ರಮ್ಮಿಗೆ ಕೂಡಿಸು, ಮಾನ್ಯತೆ ಇರುವವರಿಗೆ ಮಾರು. ಮೆಥನಾಲನ್ನು ಮಾತ್ರ ಮನೆಯೊಳಗೆ ತರಬೇಡ. ಥಟ್ಟನೆ ಬೆಂಕಿ ಹಿಡಿಯುತ್ತದೆ, ಹೊಟ್ಟೆಗೆ ಹೋದರೆ ಕಣ್ಣೇ ಹೋಗುತ್ತದೆ.