ಕಾಸ್ ಪಠಾರದ ಗಿಡ ಕುಂಡದಲ್ಲಿ ಬದುಕದೇಕೆ?

ಪ್ರಶ್ನೆ: ಸಾತಾರಾ ಬಳಿಯ ಕಾಸ್ ಪಠಾರಕ್ಕೆ (ಪ್ರಸ್ಥಭೂಮಿಗೆ) ಸೆಪ್ಟೆಂಬರಿನಲ್ಲಿ ಹೋಗಿದ್ದ ನೆಂಟರು ಗುಲಾಬಿ ಬಣ್ಣದ ತೇರಡಾ (ಗೌರಿಹೂವಿನ ಜಾತಿಯ ಕಾಡುಹೂವು) ಗಿಡವೊಂದನ್ನು ಬೇರುಸಮೇತ ತಂದುಕೊಟ್ಟರು. ಸೆಗಣಿಗೊಬ್ಬರ ಹಾಕಿ, ದಿನಕ್ಕೆರಡು ಸಲ ನೀರೆರೆದರೂ ವಾರದೊಳಗೆ ಒರಗಿಬಿತ್ತು. ತಪ್ಪು ಎಲ್ಲಾಯಿತು? ಬಾಲ್ಕನಿಯಲ್ಲಿ ಬೆಳೆಸಲು ಆಗುವುದೇ ಇಲ್ಲವೇ?
– ಓದುಗರೊಬ್ಬರು, ಚಿಂಚ್ವಡ, ಪುಣೆ

ಉತ್ತರ: ನಿಮ್ಮ ಕೈಗೆ ಬರುವಾಗಲೇ ಅದರ ಆಯಸ್ಸು ಮುಗಿಯುತ್ತ ಬಂದಿತ್ತು. ತೇರಡಾ ಒಂದೇ ಮಳೆಗಾಲದ ಗಿಡ. ಜೂನ್‌ನಲ್ಲಿ ಮೊಳೆತು, ಹೂ ಬಿಟ್ಟು, ಬೀಜ ಸಿಡಿಸಿ ಒಣಗುತ್ತದೆ. ಮುಂದಿನ ಮಳೆಯವರೆಗೆ ಅಲ್ಲಿರುವುದು ಬೀಜ ಮಾತ್ರ.

ಸುಮಾರು 1,200 ಮೀಟರ್ ಎತ್ತರದ ಕಾಸ್‌ನಲ್ಲಿ ಬಸಾಲ್ಟ್ ಬಂಡೆಯ ಮೇಲೆ ಜಂಬಿಟ್ಟಿಗೆಯ ಗಟ್ಟಿ ಪದರ. ಅದರ ಮೇಲಿನ ಮಣ್ಣು ಎಷ್ಟೋ ಕಡೆ ಅಂಗುಲವೂ ಇಲ್ಲ, ಇದ್ದ ಸಾರವನ್ನೂ ಮಳೆ ತೊಳೆದಿರುತ್ತದೆ. ಡ್ರಾಸೆರಾದಂಥ ಗಿಡಗಳು ಎಲೆಯ ಅಂಟಿನಲ್ಲಿ ಹುಳ ಹಿಡಿದು ಸಾರಜನಕ ಪಡೆಯುವುದು ಇದಕ್ಕಾಗಿಯೇ. ಆ ತೆಳುಮಣ್ಣಿನಲ್ಲಿ ಹರಡಿದ ನವಿರು ಬೇರು ಕೀಳುವಾಗಲೇ ತುಂಡಾಗುತ್ತದೆ. ನೀರೆಳೆಯಲಾಗದ ಗಿಡಕ್ಕೆ ಗೊಬ್ಬರ ಸುರಿದು, ಎರಡೆರಡು ಸಲ ನೀರು ಕಟ್ಟಿದರೆ ಬುಡ ಕೊಳೆಯುತ್ತದೆ. ಮೇಲಾಗಿ ಅದು ಕಾಯ್ದಿಟ್ಟ ಅರಣ್ಯ, ಗಿಡ ಕೀಳುವುದು ಅಪರಾಧ. ಬೀಜ ಕಟ್ಟುವ ಮೊದಲೇ ಕಿತ್ತರೆ ಮುಂದಿನ ವರ್ಷದ ಗಿಡಗಳನ್ನೂ ಕಿತ್ತಂತೆ. ನೆಂಟರಿಗೆ ಮೆಲ್ಲಗೆ ಹೇಳಿ.

ಕುಂಡಕ್ಕೆ ಅದರ ದಾಯಾದಿಯಾದ ಗೌರಿಹೂವನ್ನೇ ಹಾಕಿ. ನಾವು ಕರ್ಣಕುಂಡಲ ಎನ್ನುವುದೂ ಇದನ್ನೇ. ಮರಾಠಿಯವರಿಗೆ ಇದೂ ತೇರಡಾ, ಅವರ ಗೌರಿ ಹಬ್ಬಕ್ಕೂ ಇದು ಬೇಕು. ಬೀಜ ನರ್ಸರಿಗಳಲ್ಲಿ ಸಿಗುತ್ತದೆ. ಹತ್ತಂಗುಲದ, ತಳದಲ್ಲಿ ತೂತುಗಳಿರುವ ಕುಂಡ ಸಾಕು. ಮಣ್ಣು, ದಪ್ಪ ಮರಳು, ಎರೆಗೊಬ್ಬರ ಸಮಪಾಲು ಬೆರೆಸಿ, ಜೂನ್ ನಡುವೆ ಬೀಜ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಜರಡಿ ಹಿಡಿಯಿರಿ. ವಾರ ಹತ್ತು ದಿನದಲ್ಲಿ ಮೊಳೆಯುತ್ತದೆ. ನಾಲ್ಕೆಲೆ ಬಂದಾಗ ಕುಂಡಕ್ಕೆ ಒಂದನ್ನೇ ಉಳಿಸಿ. ಒತ್ತೊತ್ತಾಗಿ ಬಿಟ್ಟರೆ ಗಾಳಿಯಾಡದೆ ಎಲೆಗೆ ಬಿಳಿ ಬೂದಿರೋಗ ಬರುತ್ತದೆ. ಯೂರಿಯಾ ಬೇಡವೇ ಬೇಡ, ಬರೀ ಎಲೆ ಬೆಳೆದೀತು. ಮಳೆ ಬಿದ್ದ ದಿನ ನೀರು ಹಾಕಬೇಡಿ, ಕುಂಡದಡಿಯ ತಟ್ಟೆಯನ್ನೂ ತೆಗೆದಿಡಿ. ಸುಮಾರು ಎರಡು ತಿಂಗಳಿಗೆ ಹೂ.

ಕಾಯಿ ಉಬ್ಬಿ ತಿಳಿಬಣ್ಣಕ್ಕೆ ತಿರುಗಿದರೆ ಮುಟ್ಟಿದ ಕೂಡಲೇ ಸಿಡಿಯುತ್ತದೆ. ಅದಕ್ಕೂ ಮುನ್ನ ಕಾಗದದ ಚೀಲ ಕಟ್ಟಿ ಬೀಜ ಹಿಡಿಯಿರಿ; ನೆರಳಲ್ಲಿ ಒಣಗಿಸಿಟ್ಟರೆ ಮುಂದಿನ ಜೂನ್‌ಗೆ ಬಿತ್ತಬಹುದು.