ಅದೇ ಗಲಾಟೆ ಎಷ್ಟು ಸಲ ಕೇಳ್ತೀರಿ?

ದಾವಣಗೆರೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ, ಬ್ಯಾಂಕಿನಲ್ಲಿ ಎಲ್ಲರೂ ನಗುತ್ತಾರೆ ಎಂದಿದ್ದಾರೆ. ಕಾಗದದ ತಿರುಳು ಇಷ್ಟು:

“ನನಗೀಗ 48. ಪಿಯುಸಿ ದಿನಗಳಿಂದಲೂ ಇಂಗ್ಲೆಂಡಿನ ಹೆವಿ ಮೆಟಲ್ ರಾಕ್ ತಂಡ ಐರನ್ ಮೇಡನ್ ಅಂದ್ರೆ ಪ್ರಾಣ. ಈ ವರ್ಷ ಅವರ 17 ಸ್ಟುಡಿಯೋ ಆಲ್ಬಂಗಳನ್ನು ವಾರಕ್ಕೊಂದರಂತೆ ಮೊದಲಿನಿಂದ ಕೇಳುತ್ತಾ ಬಂದೆ. 1990ರದ್ದು ಮತ್ತು 1998ರದ್ದು ಮಾತ್ರ ಬಿಟ್ಟೆ, ಅವೆರಡು ನನಗೆ ಆಗಿಬರುವುದಿಲ್ಲ. ಅಂದು ತಲೆ ಮೇಲೆ ಹೊತ್ತು ತಿರುಗಿದ ‘ಪವರ್‌ಸ್ಲೇವ್’ ಈಗ ಕೊಂಚ ತೆಳ್ಳಗೆ ಕೇಳಿಸಿತು. ಅಂದು ಬೈದು ಮೂಲೆಗೆ ಹಾಕಿದ್ದ ‘ದಿ ಎಕ್ಸ್ ಫ್ಯಾಕ್ಟರ್’ ಕೇಳಿ ರಾತ್ರಿ ಹನ್ನೊಂದರವರೆಗೆ ಸುಮ್ಮನೆ ಕೂತುಬಿಟ್ಟೆ. ನಮ್ಮನೆಯವರು ‘ಅದೇ ಗಲಾಟೆ ಎಷ್ಟು ಸಲ ಕೇಳ್ತೀರಿ’ ಅನ್ನುತ್ತಾರೆ. ಮಗ ಒಳ್ಳೆಯ 25 ಹಾಡು ಆರಿಸಿ ಫೋನಿಗೆ ಹಾಕಿಕೊಟ್ಟು ‘ಇಷ್ಟು ಸಾಕಪ್ಪಾ’ ಅಂದ. ಅಂದು ನಾನು ದಡ್ಡನಾಗಿದ್ದೆನೋ, ಈಗ ವಯಸ್ಸಾಯಿತೋ? ಈ ಹೊತ್ತಿನಲ್ಲಿ ಹೊಸದೇನಾದರೂ ಕೇಳಬಹುದಿತ್ತಲ್ಲವೇ? ಹಳೇ ಕ್ಯಾಸೆಟ್ಟುಗಳಿವೆ. ಬೇಕಿದ್ದರೆ ನಿಮಗೆ ಕಳಿಸುತ್ತೇನೆ, ಇಲ್ಲದಿದ್ದರೆ ಗುಜರಿಗೆ.”

ಸ್ವಾಮಿ, ಗುಜರಿಯ ಮಾತು ಆಮೇಲೆ ಆಡೋಣ.

ಮೊದಲಿಗೆ ನಿಮ್ಮ ಮನೆಯವರ ಪರವಾಗಿ ಒಂದು ಮಾತು. ಅವರು ಹೇಳುವುದರಲ್ಲೂ ನ್ಯಾಯವಿದೆ. ಮೂರು ಗಿಟಾರು ಒಟ್ಟಿಗೆ ಕೂಗುವುದನ್ನು ಎರಡು ಕೋಣೆಯ ಮನೆಯಲ್ಲಿ ಹದಿನೈದು ವಾರ ಸಹಿಸುವುದು ಸುಲಭವಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ. ಹೊಸದನ್ನೂ ಕೇಳಬೇಕು, ನಿಜ. ಬೆಂಗಳೂರಿನ ಕ್ರಿಪ್ಟೋಸ್ ತಂಡದವರು 1998ರಿಂದ ನುಡಿಸುತ್ತಿದ್ದಾರೆ, ಅವರನ್ನು ಕೇಳಿ. ಆ ಪಕ್ಷಕ್ಕೆ ಇಷ್ಟು ಸಾಕು.

ಈಗ ನನ್ನ ಕಥೆ. 1988ರಲ್ಲಿ ನನ್ನ ಹತ್ತಿರ ‘ಪವರ್‌ಸ್ಲೇವ್’ ಇದ್ದದ್ದು ಒಂದು ಟಿಡಿಕೆ 90 ಕ್ಯಾಸೆಟ್ಟಿನ ಒಂದು ಬದಿಯಲ್ಲಿ. ಗೆಳೆಯನ ಅಣ್ಣ ತುಂಬಿಸಿಕೊಟ್ಟದ್ದು. ಬದಿಗೆ 45 ನಿಮಿಷ, ಆಲ್ಬಂ ಸುಮಾರು 51 ನಿಮಿಷ. ಲೆಕ್ಕ ಗೊತ್ತಾಯಿತಲ್ಲ. ಕೊನೆಯ ಹಾಡು ಹದಿಮೂರು ನಿಮಿಷ ಮೀರಿದ್ದು, ಕೋಲ್‌ರಿಜ್ ಕವಿಯ ಮುದಿ ನಾವಿಕನ ಕಥೆ. ನಾವಿಕ ಕಡಲಹಕ್ಕಿಯನ್ನು ಕೊಲ್ಲುತ್ತಾನೆ, ಗಾಳಿ ನಿಲ್ಲುತ್ತದೆ, ಜೊತೆಯವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಗಿಟಾರು, ಡ್ರಮ್ಮುಗಳ ಅಬ್ಬರ ಅಡಗಿ ಹಡಗಿನ ಮರ ಕಿರ್ರ್ ಅನ್ನುವ ಸದ್ದು ಕೇಳಿಸುತ್ತದೆ. ಸರಿಯಾಗಿ ಅಲ್ಲೇ ನನ್ನ ಟೇಪು ಟಕ್ ಅಂತ ನಿಲ್ಲುತ್ತಿತ್ತು.

ಹನ್ನೊಂದು ವರ್ಷ ನನ್ನ ಹಡಗು ಆ ಕಡಲಿನಲ್ಲೇ ನಿಂತಿತ್ತು. ಹಾಡು ಮುಗಿಯುವುದೇ ಹಾಗೆ ಅಂದುಕೊಂಡಿದ್ದೆ. ಎಂಥ ಅದ್ಭುತ ಮುಕ್ತಾಯ, ಮೌನದಲ್ಲೇ ಮುಗಿಸಿದ್ದಾರೆ ನೋಡ್ರೋ ಅಂತ ಹಾಸ್ಟೆಲಿನ ಹುಡುಗರಿಗೆ ಭಾಷಣ ಬೇರೆ ಬಿಗಿದಿದ್ದೆ. 1999ರಲ್ಲಿ ಸಿ.ಡಿ. ಕೊಂಡು ಹಾಕಿದೆ. ಹಡಗು ಹೊರಟಿತು! ಮಳೆ ಬಂತು, ಶಾಪ ಕಳಚಿತು, ನಾವಿಕ ದಡ ಸೇರಿದ. ಇನ್ನೂ ಆರು ನಿಮಿಷ ಹಾಡು ಇತ್ತು. ಅದರ ಕೊನೆಯಲ್ಲಿ ಅವನಿಗೆ ಸಿಗುವ ಶಿಕ್ಷೆ ಏನು ಗೊತ್ತಲ್ಲ? ಅದೇ ಕಥೆಯನ್ನು ಹೋದಲ್ಲೆಲ್ಲ ಮತ್ತೆ ಮತ್ತೆ ಹೇಳುತ್ತಾ ಅಲೆಯಬೇಕು. ನಿಮ್ಮ ಮನೆಯವರಿಗೆ ಹೇಳಿ, ನಾವೂ ಅದೇ ಜಾತಿ.

ನೀವು ತೆಳ್ಳಗೆ ಅಂದಿರಿ. ಕೇಳಿದ್ದು ಯಾವುದರಲ್ಲಿ? ಫೋನಿನಲ್ಲಿ, ಅಲ್ವಾ? ಆ ಆಲ್ಬಂಗಳನ್ನು 1998ರಲ್ಲೊಮ್ಮೆ ರೀಮಾಸ್ಟರ್ ಮಾಡಿದರು, ಅಂದರೆ ಹಳೇ ಧ್ವನಿಮುದ್ರಣದ ಸದ್ದನ್ನು ಹೊಸದಾಗಿ ಹದಮಾಡಿದರು, 2015ರಲ್ಲಿ ಇನ್ನೊಮ್ಮೆ. ನೀವು ಪಿಯುಸಿಯಲ್ಲಿ ಕೇಳಿದ ‘ಪವರ್‌ಸ್ಲೇವ್’ ಮತ್ತು ಈಗ ಫೋನಿನಲ್ಲಿ ಬರುವುದು ಒಂದೇ ಸದ್ದಲ್ಲ. ಕಿವಿಯ ಮೇಲೆ ತಪ್ಪು ಹೊರಿಸುವ ಮುಂಚೆ ಆ ಕ್ಯಾಸೆಟ್ಟನ್ನೇ ಹಾಕಿ ನೋಡಬೇಕಿತ್ತು. ಗುಜರಿಗೆ ಅಂತೆ.

‘ದಿ ಎಕ್ಸ್ ಫ್ಯಾಕ್ಟರ್’ ಬಗ್ಗೆ ನೀವು ಬರೆದ ಒಂದು ಪುಟವನ್ನು ನಾನು ಎರಡು ಸಲ ಓದಿದೆ. ಈಗ ನನ್ನದೂ ಒಂದು ತಪ್ಪೊಪ್ಪಿಗೆ. 1995ರಲ್ಲಿ ನಾನೊಂದು ಸಣ್ಣ ಪತ್ರಿಕೆಯಲ್ಲಿ ಉಪಸಂಪಾದಕ. ಜಾಹೀರಾತು ಬರದೆ ಅರ್ಧ ಪುಟ ಖಾಲಿ ಉಳಿದಿತ್ತು. ಏನಾದ್ರೂ ಬರ್ಕೊಡಪ್ಪ ಅಂದರು. ಹಿಂದಿನ ದಿನ ಕೇರಂ ಆಡುತ್ತಾ ಆ ಆಲ್ಬಂ ಒಮ್ಮೆ ಕೇಳಿದ್ದೆ. ಮೇಡನ್ ಕಥೆ ಮುಗಿಯಿತು, ಹೊಸ ಹಾಡುಗಾರನಿಗೆ ಗಂಟಲಿಲ್ಲ, 71 ನಿಮಿಷದ ಶಿಕ್ಷೆ ಅಂತೆಲ್ಲ ಬರೆದೆ. ಬರೆಯಲು ಹಿಡಿದದ್ದು ಇಪ್ಪತ್ತು ನಿಮಿಷ. ಚೆನ್ನಾಗಿದೆ ಅಂತ ನಾಲ್ಕು ಜನ ಬೆನ್ನು ತಟ್ಟಿದರು.

ನಿಜ ಏನಿತ್ತು? ಹಳೆಯ ಹಾಡುಗಾರ ಬ್ರೂಸ್ ಡಿಕಿನ್ಸನ್ 1993ರಲ್ಲಿ ಬಿಟ್ಟುಹೋಗಿದ್ದರು. 1981ರಿಂದ ಜೊತೆಗಿದ್ದ ನಿರ್ಮಾಪಕ ಮಾರ್ಟಿನ್ ಬರ್ಚ್ ನಿವೃತ್ತರಾಗಿದ್ದರು. ತಂಡ ಕಟ್ಟಿದ ಬೇಸ್ ಗಿಟಾರಿನ ಸ್ಟೀವ್ ಹ್ಯಾರಿಸ್‌ಗೆ ವಿಚ್ಛೇದನವಾಗುತ್ತಿತ್ತು. ಎಸೆಕ್ಸ್‌ನ ತಮ್ಮದೇ ಸ್ಟುಡಿಯೋದಲ್ಲಿ, ಹೊಸ ಹಾಡುಗಾರ ಬ್ಲೇಜ್ ಬೇಯ್ಲಿಯನ್ನು ಕೂರಿಸಿಕೊಂಡು ಆ ಆಲ್ಬಂ ಮಾಡಿದರು. ಬ್ಲೇಜ್‌ದು ತಗ್ಗಿನ ದನಿ. ಡಿಕಿನ್ಸನ್ ಏರಿದ ಮೆಟ್ಟಿಲನ್ನು ಏರಲು ಆಗುತ್ತಿರಲಿಲ್ಲ, ಸ್ಟೇಜಿನ ಮೇಲಂತೂ ಹಳೇ ಹಾಡು ಹಾಡುವಾಗ ಪಾಡು ಕಾಣುತ್ತಿತ್ತು. ಆದರೆ ಈ ಹಾಡುಗಳಿಗೆ ಬೇಕಿದ್ದದ್ದು ಏರುವ ದನಿಯಲ್ಲ. ಯುದ್ಧದಿಂದ ಬಂದು ನಿದ್ದೆ ಬಾರದವನು, ನಂಬಿಕೆ ಕಳೆದುಕೊಂಡವನು, ಅಂಥವರೇ ಅಲ್ಲಿರುವುದು. ಆಗ ನನಗೆ 27. ಜೀವನದಲ್ಲಿ ಕಳೆದುಕೊಂಡದ್ದು ಅಂತ ಇದ್ದದ್ದು ಒಂದು ಛತ್ರಿ. ನನಗೇನು ಕೇಳಿಸಬೇಕಿತ್ತು ಹೇಳಿ.

ಅದು ಕೇಳಿಸಿದ್ದು ಹದಿನಾರು ವರ್ಷದ ಮೇಲೆ. ಅಪ್ಪ ತೀರಿಕೊಂಡ ತಿಂಗಳು, ಶಿರಾಡಿ ಘಾಟಿಯಲ್ಲಿ ಬಸ್ಸು ಕೆಟ್ಟು ನಿಂತ ರಾತ್ರಿ. ಕಿವಿಗೆ ವೈರು ಸಿಕ್ಕಿಸಿಕೊಂಡು ಏನೋ ಒಂದು ಒತ್ತಿದೆ. ಪಾದ್ರಿಗಳ ಮಂತ್ರದಂಥ ಗುನುಗು ಶುರುವಾಯಿತು, ಆ ಆಲ್ಬಂನ ಮೊದಲ ಹಾಡು. ಮೆಕ್ಯಾನಿಕ್ ಬರುವಷ್ಟರಲ್ಲಿ ಪೂರ್ತಿ ಕೇಳಿ ಮುಗಿಸಿದ್ದೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ನೀವು ಅಂದು ದಡ್ಡರೂ ಅಲ್ಲ, ಈಗ ಮುದುಕರೂ ಅಲ್ಲ. ಅಂದು ನಿಮ್ಮ ಹತ್ತಿರ ಅದನ್ನು ಇಡಲು ಜಾಗ ಇರಲಿಲ್ಲ, ಅಷ್ಟೇ. ಜನವೂ ಹಾಗೇ ಮಾಡಿದರು, ನೋಡಿ. 1992ರ ಆಲ್ಬಂ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಗಿತ್ತು, ಇದು ಎಂಟಕ್ಕೇ ನಿಂತಿತು. ಡಿಕಿನ್ಸನ್ 1999ರಲ್ಲಿ ವಾಪಸ್ ಬಂದರು. 2001ರಲ್ಲಿ ರಿಯೋ ಡಿ ಜನೈರೋದ ಜನಸಾಗರದ ಮುಂದೆ ಬ್ಲೇಜ್ ಕಾಲದ ಎರಡು ಉದ್ದ ಹಾಡುಗಳನ್ನು ಹಾಡಿದರು. ಜನ ಗಂಟಲು ಹರಿದುಕೊಂಡು ಜೊತೆಗೆ ಹಾಡಿದರು. ಅವೇ ಹಾಡು, ಸ್ವಾಮಿ! ಬ್ಲೇಜ್‌ಗೆ ಬೈಗುಳ, ಬ್ರೂಸ್‌ಗೆ ಚಪ್ಪಾಳೆ. ನನಗೆ ಆ ಧ್ವನಿಮುದ್ರಣ ಕೇಳಿದಾಗಲೆಲ್ಲ ಖುಷಿಯೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಇನ್ನು ನಿಮ್ಮನ್ನು ಸ್ವಲ್ಪ ಬೈಯಬೇಕು. ಎರಡು ಬಿಟ್ಟೆ ಅಂತ ಎಷ್ಟು ಸಲೀಸಾಗಿ ಬರೆದಿದ್ದೀರಿ! ಶ್ರಾದ್ಧಕ್ಕೆ ಇಬ್ಬರು ಚಿಕ್ಕಪ್ಪಂದಿರನ್ನು ಮಾತ್ರ ಕರೆಯಲಿಲ್ಲ ಅಂದ ಹಾಗೆ. 1990ರ ‘ನೋ ಪ್ರೇಯರ್ ಫಾರ್ ದ ಡೈಯಿಂಗ್’ ಒರಟೊರಟು, ಒಪ್ಪುತ್ತೇನೆ. ಹ್ಯಾರಿಸ್ ಅವರ ಜಾಗದಲ್ಲಿ ಸ್ಟುಡಿಯೋ ಲಾರಿ ತಂದು ನಿಲ್ಲಿಸಿ ಮುದ್ರಿಸಿಕೊಂಡದ್ದು. ಆದರೆ ಈ ತಂಡದ ಇಡೀ ಚರಿತ್ರೆಯಲ್ಲಿ ಬ್ರಿಟನ್ನಿನ ಸಿಂಗಲ್ಸ್, ಅಂದರೆ ಬಿಡಿ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋದ ಏಕೈಕ ಹಾಡು ಇರುವುದು ಇದೇ ಆಲ್ಬಂನಲ್ಲಿ, 1991ರ ಜನವರಿಯಲ್ಲಿ. ಎಲ್ಲರೂ ಬಿಟ್ಟು ಮುಂದೆ ಹೋಗುವ ಮನೆಯಲ್ಲೇ ಚಿನ್ನದ ಪದಕ. 1998ರ ‘ವರ್ಚುವಲ್ ಇಲೆವೆನ್’? ಅದರ ಎರಡನೇ ಹಾಡು ಹತ್ತಿರ ಹತ್ತಿರ ಹತ್ತು ನಿಮಿಷ, ಒಂದೇ ಸಾಲು ಇಪ್ಪತ್ತಕ್ಕೂ ಜಾಸ್ತಿ ಸಲ. ನಾನು ನಾಲ್ಕು ಬಾರಿ ಪ್ರಾಮಾಣಿಕವಾಗಿ ಕೂತು ಕೇಳಿದ್ದೇನೆ. ಕೆಟ್ಟದಾಗಿಯೇ ಇದೆ. ಆದರೆ ರಿಯೋದಲ್ಲಿ ಜನ ಹಾಡಿದ ಆ ಎರಡರಲ್ಲಿ ಒಂದು ಹಾಡು ಅದೇ ಆಲ್ಬಂನದು. ಬಿಟ್ಟರೆ ಅದೂ ಹೋಯಿತು.

ಹಾಡು ಮಾಡಿದವರೇ ತಿರುಗಿ ನೋಡುತ್ತಾರೆ, ನಮಗೇನು ದಾಡಿ? 1982ರ ‘ದಿ ನಂಬರ್ ಆಫ್ ದಿ ಬೀಸ್ಟ್’ ಮಾಡುವಾಗ ಎರಡು ಹಾಡುಗಳಲ್ಲಿ ಯಾವುದನ್ನು ಆಲ್ಬಂಗೆ ಹಾಕುವುದು, ಯಾವುದನ್ನು ಸಿಂಗಲ್‌ನ ಹಿಂಬದಿಗೆ ತಳ್ಳುವುದು ಎಂದು ಆರಿಸಬೇಕಿತ್ತು. ತಪ್ಪಾಗಿ ಆರಿಸಿದೆವು ಅಂತ ಹ್ಯಾರಿಸ್ ಆಮೇಲೆ ಎಷ್ಟೋ ಕಡೆ ಹೇಳಿಕೊಂಡರು. 40 ವರ್ಷ ತುಂಬಿದಾಗ, 2022ರಲ್ಲಿ ಬಂದ ಎಲ್‌ಪಿಯಲ್ಲಿ ಅಂದು ಆಲ್ಬಂಗೆ ಹಾಕಿದ್ದ ಹಾಡನ್ನು ಕಿತ್ತು, ಹಿಂಬದಿಗೆ ತಳ್ಳಿದ್ದನ್ನು ಸೇರಿಸಿಯೇಬಿಟ್ಟರು. ಮಾಡಬಾರದಿತ್ತು ಅನ್ನುವ ಗೆಳೆಯರಿದ್ದಾರೆ. ಇರಲಿ.

ನಿಮ್ಮ ಮಗನ 25 ಹಾಡಿನ ಪಟ್ಟಿ. ಹುಡುಗ ಒಳ್ಳೆಯವನೇ, ಅಪ್ಪನಿಗೆ ಅಂತ ಕೂತು ಮಾಡಿದ್ದಾನೆ. ಅವನಿಗೆ ಒಂದು ಕೆಲಸ ಕೊಡಿ. 1988ರ ‘ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್’ ಮೊದಲಿನಿಂದ ಕೊನೆವರೆಗೆ ಕೇಳಲು ಹೇಳಿ. ಸಣ್ಣ ಗಿಟಾರಿನ ಜೊತೆ ನಾಲ್ಕು ಸಾಲಿನ ಪದ್ಯವೊಂದರಿಂದ ಅದು ಶುರುವಾಗುತ್ತದೆ. ಎಂಟೂ ಹಾಡು ಮುಗಿದು, ಎಲ್ಲ ಸದ್ದು ಅಡಗಿದ ಮೇಲೆ ಅದೇ ಪದ್ಯ ಮತ್ತೆ ಬರುತ್ತದೆ. ಬಂದದ್ದು ಅದೇ, ಕೇಳುವ ನಾವು ಬೇರೆ. 25 ಹಾಡಿನ ಪಟ್ಟಿಯಲ್ಲಿ ಆ ಪದ್ಯಕ್ಕೆ ಯಾವ ಅರ್ಥ ಉಳಿದೀತು? ಫೋನು ಹಾಡುಗಳನ್ನು ಕಲಸಿ ಕೊಡುವಾಗ ಅದು ಬರೀ ಅಡ್ಡ ಬರುವ ತುಣುಕು.

ಈ ರೋಗ ಹಾಡಿಗಷ್ಟೇ ಅಲ್ಲ ಅಂತ ನಿಮಗೂ ಗೊತ್ತಿದೆ. ನಮ್ಮ ಕಚೇರಿಗೆ ಪುಸ್ತಕ ಬರುತ್ತದೆ, ಹಿಂದೆಯೇ ಲೇಖಕರ ಫೋನು. “ಬಿಡುಗಡೆ ಭಾನುವಾರ, ವಿಮರ್ಶೆ ಅದೇ ವಾರ ಬಂದ್ರೆ ಚೆನ್ನ.” ನೂರ ಎಂಬತ್ತು ಪುಟ ಬರೆಯಲು ಆರು ವರ್ಷ ತೆಗೆದುಕೊಂಡವರಿಗೂ ಓದುವವನಿಗೆ ಆರು ದಿನ ಕೊಡುವ ಮನಸ್ಸಿಲ್ಲ. ಸಿನಿಮಾಕ್ಕಂತೂ ಇಂಟರ್ವಲ್‌ನಲ್ಲೇ ನಕ್ಷತ್ರ ಎಣಿಸಿಯಾಗಿರುತ್ತದೆ. ಹತ್ತು ವರ್ಷದ ಹಿಂದಿನ ಒಂದು ಕಾದಂಬರಿಯನ್ನು ಮತ್ತೆ ಓದಿ ಬರೆದುಕೊಡಿ ಅಂತ ಒಬ್ಬ ಮೇಷ್ಟ್ರನ್ನು ಕೇಳಿದೆ. “ಅದನ್ನು ಓದಿದ್ದೀನಲ್ಲ!” ಅಂದರು. ಓದಿದ್ದೀನಿ ಅನ್ನುವುದು ನಮ್ಮಲ್ಲಿ ಬಾಗಿಲು ಹಾಕಿ ಬೀಗ ಜಡಿಯುವ ಮಾತಾಗಿಬಿಟ್ಟಿದೆ. ಒಂದು ಊರಿನ ಲೈಬ್ರರಿಯಲ್ಲಿ ಬೈಂಡು ಮಾಡಿದ ಹಳೇ ಮಾಸಪತ್ರಿಕೆಗಳನ್ನು ತೂಕಕ್ಕೆ ಹಾಕಿದ್ದನ್ನು ಕಣ್ಣಾರೆ ಕಂಡೆ. ಯಾರೂ ಎರಡನೇ ಸಲ ಕೇಳುವುದಿಲ್ಲ ಸಾರ್ ಅಂದರು.

ನಮ್ಮ ಅಜ್ಜ ಮಳೆಗಾಲ ಬಂತೆಂದರೆ ಭಾರತ ವಾಚನಕ್ಕೆ ಹೋಗಿ ಕೂರುತ್ತಿದ್ದರು. ಕರ್ಣ ಸಾಯುತ್ತಾನೆ ಅಂತ ಅವರಿಗೆ ಎಂಟನೇ ವಯಸ್ಸಿನಿಂದ ಗೊತ್ತು. ಪ್ರತಿ ವರ್ಷ ಆ ದಿನ ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಂಡು ಬರುತ್ತಿದ್ದರು. ನಮ್ಮಜ್ಜಿ ಒಂದು ದಿನವೂ ಎಷ್ಟು ಸಲ ಕೇಳ್ತೀರಿ ಅನ್ನಲಿಲ್ಲ. ಮಾವ ಒಂದೇ ಯಕ್ಷಗಾನ ಪ್ರಸಂಗವನ್ನು ಮೂರು ಮೇಳಗಳಲ್ಲಿ ನೋಡಿ ಬಂದು ಈ ಸಲದ ಭಾಗವತರ ಪದ ಹೇಗಿತ್ತು ಅಂತ ಬೆಳಗಿನ ಕಾಫಿಗೆ ಜಗಳ ತೆಗೆಯುತ್ತಿದ್ದ. ಈಗ ಲಂಡನ್ನಿನ ಪೂರ್ವಭಾಗದ ಹುಡುಗರ ಹಾಡನ್ನು ಮತ್ತೆ ಕೇಳಿದರೆ ನಮಗೆ ನಾಚಿಕೆ!

2007ರ ಮಾರ್ಚ್ 17ರ ಶನಿವಾರ ನೀವೂ ಬೆಂಗಳೂರಿನ ಅರಮನೆ ಮೈದಾನದಲ್ಲಿ ಇದ್ದಿರಂತೆ. ನಾನೂ ಇದ್ದೆ. ಮೇಡನ್ ಭಾರತಕ್ಕೆ ಬಂದು ನುಡಿಸಿದ್ದು ಅದೇ ಮೊದಲು. ಅದೇ ಹೊತ್ತಿಗೆ ಪೋರ್ಟ್ ಆಫ್ ಸ್ಪೇನ್‌ನಲ್ಲಿ ನಮ್ಮ ದ್ರಾವಿಡ್ ತಂಡ ಬಾಂಗ್ಲಾದೇಶದ ಎದುರು 191ಕ್ಕೆ ಉದುರುತ್ತಿತ್ತು, ನೆನಪಿದೆಯಾ? ಪಕ್ಕದವನ ಮೊಬೈಲಿಗೆ ಎಸ್ಸೆಮ್ಮೆಸ್ ಬರುತ್ತಲೇ ಇತ್ತು. ಮೂರನೆಯದು ಬಂದಾಗ ಅವನು ಫೋನು ಆರಿಸಿ ಜೇಬಿಗಿಟ್ಟ. ಅಂದು ಹೊಸ ಆಲ್ಬಂನ ಹಾಡು ಬಂದಾಗ ನಾನು ನೀರು ಕುಡಿಯಲು ಹೋಗಿದ್ದೆ. ಆ ಆಲ್ಬಂ, ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’, ಈಗ ನನಗೆ ಅವರ ಅತ್ಯುತ್ತಮ ಐದರಲ್ಲೊಂದು. ಆ ನೀರಿನ ರುಚಿ ನೆನಪಿಲ್ಲ.

ಕೇಳುವ ಕಿವಿಗಳಷ್ಟೇ ಬದಲಾಗಿಲ್ಲ, ನುಡಿಸಿದವರೂ ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದಾರೆ. ಮೊದಲ ಮೂರು ಆಲ್ಬಂಗೆ ಡ್ರಮ್ ಬಾರಿಸಿದ ಕ್ಲೈವ್ ಬರ್ 2013ರಲ್ಲಿ ಹೋದರು. ಮೊದಲ ಎರಡಕ್ಕೆ ಹಾಡಿದ ಪಾಲ್ ಡಿಯಾನೋ 2024ರ ಅಕ್ಟೋಬರಿನಲ್ಲಿ. ಬರ್ ಜಾಗಕ್ಕೆ ಬಂದ ನಿಕೋ ಮೆಕ್‌ಬ್ರೇನ್‌ಗೆ 2023ರ ಜನವರಿಯಲ್ಲಿ ಪಾರ್ಶ್ವವಾಯು ಹೊಡೆಯಿತು. ಕೈ ಮತ್ತೆ ಪಳಗಿಸಿಕೊಂಡು ಅದೇ ವರ್ಷ ಪ್ರವಾಸಕ್ಕೆ ಹೊರಟರು, 2024ರ ಡಿಸೆಂಬರಿನಲ್ಲಿ ಸಾವೊ ಪಾಲೊದಲ್ಲಿ ನುಡಿಸಿ ಪ್ರವಾಸಗಳಿಗೆ ಕೈಮುಗಿದರು. 1983ರ ‘ಪೀಸ್ ಆಫ್ ಮೈಂಡ್’ ಅವರ ಮೊದಲ ಆಲ್ಬಂ, ಅದು ಶುರುವಾಗುವುದೇ ಅವರ ಡ್ರಮ್ಮಿನ ಒಂದು ಹೊಡೆತದ ಸರಣಿಯಿಂದ. ಈಗ ಅದನ್ನು ಹಾಕಿ ಕೇಳಿ. ಹದಿನೆಂಟರಲ್ಲಿ ಕೇಳಿದಂತೆ ಕೇಳಿಸಿದರೆ ನನಗೆ ಬರೆಯಿರಿ.

ಕ್ಯಾಸೆಟ್ಟಿನ ವಿಚಾರ. ಗುಜರಿಗೆ ಹಾಕಬೇಡಿ, ಕೊರಿಯರ್ ಖರ್ಚು ನಾನು ಕೊಡುತ್ತೇನೆ. ಆದರೆ ಮೊದಲು ಆ ಬಿಟ್ಟ ಎರಡನ್ನು ಕೇಳಿ ಮುಗಿಸಿ, ಆಮೇಲೆ ಕಳಿಸಿ. 1990ರದ್ದು ಖಂಡಿತ ಸೇರಿಸಿ. ನನ್ನದನ್ನು ಎರವಲು ಒಯ್ದವನು ಕೊಡಲೇ ಇಲ್ಲ. ‘ಪವರ್‌ಸ್ಲೇವ್’ ಮಾತ್ರ ನಿಮ್ಮಲ್ಲೇ ಇರಲಿ. ಹಡಗು ಅರ್ಧ ದಾರಿಯಲ್ಲಿ ನಿಲ್ಲುವ ನನ್ನ ಟಿಡಿಕೆ ಇನ್ನೂ ಇದೆ.