ಗೋಡೆಗೆ ಬಾರದ ಶ್ಲೋಕ

ಪತ್ರ: ನಮ್ಮದು ಅಕ್ಕಿ ಗಿರಣಿಯಾಗಿ ಶುರುವಾಗಿ ಈಗ ಪ್ಯಾಕೆಟ್ ದಿನಸಿ ಮಾರುವ ಕಂಪನಿ. ನಾನು ಅಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಈ ಯುಗಾದಿಗೆ ಮಾಲೀಕರು ಕಚೇರಿ ಬಾಗಿಲಿನ ಎದುರು ಗೋಡೆಗೆ ‘ಪರಸ್ಪರಂ ಭಾವಯಂತಃ ಶ್ರೇಯಃ ಪರಮವಾಪ್ಸ್ಯಥ’ ಎಂದು ಹಿತ್ತಾಳೆ ಅಕ್ಷರಗಳಲ್ಲಿ ಹಾಕಿಸಿ, ಕೆಳಗೆ ‘ಸರ್ವರ ಪರಮ ಶ್ರೇಯಸ್ಸೇ ನಮ್ಮ ವಿಷನ್’ ಎಂದು ಬರೆಸಿದ್ದಾರೆ. ಕಂಪನಿಗೆ ಎಂಥ ಪರಮ ಶ್ರೇಯಸ್ಸು ಸಾರ್? ಲಾಭ ಮಾಡಿ, ಸಂಬಳ ಕೊಟ್ಟು, ತೆರಿಗೆ ಕಟ್ಟಿದರೆ ಸಾಲದೆ? ಉಳಿದದ್ದು ಗೋಡೆಯ ಅಲಂಕಾರ ಅಂತ ನನ್ನ ಅನಿಸಿಕೆ. ಚೀಲ ಮಾಡಿಕೊಡುವವರ ಬಿಲ್ಲು ಮೂರು ತಿಂಗಳಿಂದ ನನ್ನ ಮೇಜಿನ ಮೇಲೇ ಇದೆ. ಅದನ್ನು ಇದಕ್ಕೆ ಗಂಟು ಹಾಕುತ್ತಿಲ್ಲ, ಸುಮ್ಮನೆ ಹೇಳಿದೆ.
– ಓದುಗರು, ದಾವಣಗೆರೆ

ಉತ್ತರ: ಗಂಟು ಹಾಕಲೇಬೇಕು. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕೊನೆಯ ಮಾತೇ. ಅದನ್ನು ‘ಸುಮ್ಮನೆ’ ಎಂದು ಬಿಟ್ಟುಬಿಟ್ಟಿರಲ್ಲ, ಅದೊಂದು ನನಗೆ ಬೇಸರ.

ನಿಮ್ಮ ವಾದದಲ್ಲೂ ನ್ಯಾಯವಿದೆ. ನಷ್ಟದಲ್ಲಿ ಮುಳುಗಿದ ಕಂಪನಿಯಿಂದ ಯಾರಿಗೂ ಒಳಿತಾಗದು. ನಿಯಮದ ಒಳಗಿದ್ದು ಲಾಭ ಹೆಚ್ಚಿಸುವುದೇ ವ್ಯಾಪಾರದ ಸಾಮಾಜಿಕ ಹೊಣೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ 1970ರಲ್ಲೇ ಬರೆದಿದ್ದರು. ತಿಂಗಳ ಒಂದನೇ ತಾರೀಕು ತಪ್ಪದೆ ಸಂಬಳ ಹಾಕುವ ಮಾಲೀಕರನ್ನು ನಾನೂ ಗೌರವಿಸುತ್ತೇನೆ.

ಆದರೆ ನಿಮ್ಮ ಮಾಲೀಕರು ಬರೆಸಿದ್ದು ಲಾಭದ ಮಾತನ್ನಲ್ಲವಲ್ಲ. ಅದು ಗೀತೆಯ ಮೂರನೇ ಅಧ್ಯಾಯದ 11ನೇ ಶ್ಲೋಕದ ಉತ್ತರಾರ್ಧ. ಪ್ರಜಾಪತಿ ಯಜ್ಞದೊಂದಿಗೆ ಪ್ರಜೆಗಳನ್ನು ಸೃಷ್ಟಿಸಿ ಹೇಳಿದ ಮಾತು: ನೀವು ದೇವತೆಗಳನ್ನು ಪೋಷಿಸಿ, ದೇವತೆಗಳು ನಿಮ್ಮನ್ನು ಪೋಷಿಸಲಿ, ಹೀಗೆ ಒಬ್ಬರನ್ನೊಬ್ಬರು ಪೋಷಿಸುತ್ತ ಪರಮ ಶ್ರೇಯಸ್ಸನ್ನು ಪಡೆಯಿರಿ. ಇಲ್ಲಿ ಪರಮ ಶ್ರೇಯಸ್ಸೆಂದರೆ ಜ್ಞಾನದ ದಾರಿಯಿಂದ ಬರುವ ಮೋಕ್ಷ, ಇಲ್ಲವೇ ಸ್ವರ್ಗ ಎಂದು ಶಂಕರಾಚಾರ್ಯರ ಭಾಷ್ಯ. ಕಂಪನಿಗೆ ಇವೆರಡೂ ಇಲ್ಲ. ಹಾಗಾಗಿ ಈ ಮಾತು ಕಚೇರಿಯ ಗೋಡೆಗೆ ಬಂದಾಗ ಅದರ ಭಾರವೆಲ್ಲ ‘ಪರಸ್ಪರಂ’ ಎಂಬ ಪದದ ಮೇಲೆ ಬೀಳುತ್ತದೆ. ಯಾರಿಂದ ಪಡೆದಿರಿ, ಅವರಿಗೆ ಏನು ಹಿಂತಿರುಗಿಸಿದಿರಿ?

ಇದು ನನ್ನ ಸ್ವಂತ ಕಲ್ಪನೆಯಲ್ಲ. ಮುಂದಿನ ಶ್ಲೋಕ ಓದಿ. ದೇವತೆಗಳು ಕೊಟ್ಟದ್ದನ್ನು ಅವರಿಗೆ ಕೊಡದೆ ತಾನೇ ಉಣ್ಣುವವನು ‘ಸ್ತೇನ ಏವ ಸಃ’, ಅವನು ಕಳ್ಳನೇ ಸರಿ. ಅದರ ಮುಂದಿನದು, ತನಗೋಸ್ಕರವೇ ಬೇಯಿಸಿಕೊಳ್ಳುವವರು ಪಾಪವನ್ನೇ ಉಣ್ಣುತ್ತಾರೆ ಎನ್ನುತ್ತದೆ. ಶ್ರೇಯಸ್ಸಿನ ಮಾತು ಬಾಯಿಂದ ಬಿದ್ದ ಮರುಗಳಿಗೆಯಲ್ಲೇ ಕಳ್ಳತನದ ಮಾತು ಬಂತು, ನೋಡಿ. ಇಷ್ಟು ವರ್ಷ ಎಷ್ಟೋ ಕಚೇರಿಗಳ ಮೆಟ್ಟಿಲು ಹತ್ತಿದ್ದೇನೆ. 11ನೆಯದನ್ನು ಗೋಡೆಯ ಮೇಲೆ ಕಂಡಿದ್ದೇನೆ, 12ನೆಯದನ್ನು ಎಲ್ಲೂ ಕಂಡಿಲ್ಲ.

ಇನ್ನು ‘ಪರಮ’ ಎಂಬ ಪದ. ಎಲ್ಲ ಕೆಲಸವೂ ಯಾವುದಕ್ಕಾಗಿ ನಡೆಯುತ್ತದೋ, ಅದು ಮಾತ್ರ ಮತ್ತೊಂದಕ್ಕಾಗಿ ಅಲ್ಲವೋ, ಅದೇ ಪರಮ ಒಳಿತು ಎಂದ ಅರಿಸ್ಟಾಟಲ್. ಹಳ್ಳಿಯ ಮಕ್ಕಳು ‘ಯಾತಕ್ಕೆ, ಯಾತಕ್ಕೆ’ ಎಂದು ಪ್ರಾಣ ತಿನ್ನುತ್ತವಲ್ಲ, ಯಾವ ವಿಷನ್ನಿಗಾದರೂ ಅದೇ ಪರೀಕ್ಷೆ ಹಚ್ಚಬಹುದು. ಗ್ರಾಹಕರ ನಂಬಿಕೆ ಯಾತಕ್ಕೆ? ವ್ಯಾಪಾರ ಬೆಳೆಯಲಿಕ್ಕೆ. ವ್ಯಾಪಾರ ಯಾತಕ್ಕೆ? ಷೇರಿನ ಬೆಲೆ ಏರಲಿಕ್ಕೆ. ಪ್ರಶ್ನೆ ಎಲ್ಲಿ ನಿಂತಿತೋ ಅದೇ ಆ ಕಂಪನಿಯ ಪರಮ ಶ್ರೇಯಸ್ಸು, ಗೋಡೆಯ ಮೇಲೆ ಏನೇ ಇರಲಿ.

ಈ ಪರೀಕ್ಷೆಗೆ ನಿಂತು ಗೆದ್ದದ್ದು ನಮ್ಮ ಕರಾವಳಿಯಲ್ಲೇ ಇದೆ. 1906ರಲ್ಲಿ ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಒಂದು ನಿಧಿ ಕಟ್ಟಿದರು. ಇವತ್ತಿನ ಕೆನರಾ ಬ್ಯಾಂಕು ಅದೇ. ಬ್ಯಾಂಕು ತನ್ನ ಸ್ಥಾಪನಾ ತತ್ವಗಳೆಂದು ಹೇಳಿಕೊಳ್ಳುವ ಪಟ್ಟಿಯಲ್ಲಿ ಮೊದಲನೆಯದು ಏನು ಗೊತ್ತೆ? ಮೂಢನಂಬಿಕೆ ಮತ್ತು ಅಜ್ಞಾನ ತೊಲಗಿಸುವುದು! ಎರಡನೆಯದು, ಆ ಮೊದಲನೆಯದು ಕೈಗೂಡಲೆಂದು ಎಲ್ಲರಿಗೂ ವಿದ್ಯೆ ಹರಡುವುದು. ಉಳಿತಾಯದ ಮಾತು ಬರುವುದು ಮೂರನೆಯದಾಗಿ. ಬ್ಯಾಂಕಿನ ಪಟ್ಟಿಯಲ್ಲಿ ದುಡ್ಡಿಗೆ ಮೂರನೇ ಮಣೆ. ಯಾವುದು ಯಾವುದಕ್ಕಾಗಿ ಎಂದು ಅಷ್ಟು ಖಚಿತವಾಗಿ ಗೊತ್ತಿತ್ತು ಆ ಹಿರಿಯರಿಗೆ. ಸುಬ್ಬರಾಯರು ಬರೀ ಮಾತಿನವರೂ ಅಲ್ಲ. ಬ್ಯಾಂಕಿಗೂ ಮೊದಲೇ, 1891ರಲ್ಲಿ ಕೆನರಾ ಹೈಸ್ಕೂಲನ್ನೂ 1894ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ತೆರೆದಿದ್ದರು.

ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಕಾರ್ಪೊರೇಷನ್ ಬ್ಯಾಂಕ್ ಶುರುವಾಯಿತು. 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗುವ ತನಕ ಅದರ ಧ್ಯೇಯವಾಕ್ಯ ‘ಸರ್ವೇ ಜನಾಃ ಸುಖಿನೋ ಭವಂತು’ ಎಂದಿತ್ತು. 1925ರಲ್ಲಿ ಸಿಂಡಿಕೇಟ್ ಬಂತು, ಕೈಮಗ್ಗ ಕುಸಿದು ಕಂಗಾಲಾಗಿದ್ದ ನೇಕಾರರಿಗೆ ಆಸರೆಯಾಗಲೆಂದು. ಅದೇ ಬ್ಯಾಂಕು 1928ರಲ್ಲಿ ಪಿಗ್ಮಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಮನೆ ಬಾಗಿಲಿಗೇ ಬಂದು ಒಯ್ಯುತ್ತಿದ್ದರು.

ಆ ಪಿಗ್ಮಿಯನ್ನು ನಾನು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. ಅಮ್ಮ ಶಂಕರಪುರದ ಕಡೆಯವಳು, ಮಲ್ಲಿಗೆ ಕಟ್ಟುತ್ತಿದ್ದಳು. ಸಂಜೆ ನಾಲ್ಕರ ಹೊತ್ತಿಗೆ ಪಿಗ್ಮಿಯವರು ಕೊಡೆ ಮಡಚಿ ಜಗಲಿಗೆ ಒರಗಿಸಿ ಕೂರುವರು. ಬಾಳೆನಾರಿನ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಮ್ಮ ಡಬ್ಬಿಯಿಂದ ಎಂಟಾಣೆ ತೆಗೆದುಕೊಡುವಳು. ಒಂದು ಆಟಿ ತಿಂಗಳ ಮಳೆಯಲ್ಲಿ ಅವರು ಮೂರು ಮನೆ ದಾಟಿ ಹೋದವರು ತಿರುಗಿ ಬಂದರು. ತೇವಕ್ಕೆ ಎರಡು ನಾಣ್ಯ ಅಂಟಿಕೊಂಡಿದ್ದವಂತೆ. ‘ಇದು ನಿಮ್ಮದು, ನಾನು ಬರೆದದ್ದು ಒಂದನ್ನೇ’ ಎಂದು ಜಗಲಿಯ ಮೇಲಿಟ್ಟು ಹೋದರು. ಆ ಪಿಗ್ಮಿಯ ದುಡ್ಡಿನಲ್ಲಿ ಅಕ್ಕನಿಗೆ ಹೊಲಿಗೆ ಯಂತ್ರ ಬಂತು. ಪರಮ ಶ್ರೇಯಸ್ಸು ಎಂದರೆ ನನಗೆ ಮೊದಲು ನೆನಪಾಗುವುದು ಜಗಲಿಯ ಮೇಲೆ ಒದ್ದೆಯಾಗಿ ಬಿದ್ದಿದ್ದ ಆ ಎಂಟಾಣೆ.

ಈಗಿನ ಕತೆ ಕೇಳಿ. ಹೋದ ತಿಂಗಳು ಒಂದು ಬ್ಯಾಂಕಿಗೆ ಹೋಗಿದ್ದೆ. ಗೋಡೆಯಲ್ಲಿ ಸಂಸ್ಕೃತದ ಸೂಕ್ತಿ, ಇಂಗ್ಲಿಷಿನ ವಿಷನ್, ಮಿಷನ್ ಎಲ್ಲ ಇದ್ದವು. ನನ್ನ ಮುಂದೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪಾಸ್‌ಬುಕ್ಕು ಹಿಡಿದು ನಿಂತಿದ್ದರು. ಠೇವಣಿಯ ಅವಧಿ ಮುಗಿದಿತ್ತು, ಅದನ್ನೇ ಮುಂದುವರಿಸಬೇಕಿತ್ತು, ಅಷ್ಟೆ. ಕೌಂಟರಿನ ಹುಡುಗನಿಗೆ ಕನ್ನಡ ಬಾರದು, ಅಜ್ಜಿಗೆ ಬೇರೆ ಭಾಷೆ ಬಾರದು. ಫಾರಮ್ಮಿನಲ್ಲಿ ಒಂದಕ್ಷರ ಕನ್ನಡವಿಲ್ಲ. ಓದಿ ನೋಡಿದರೆ ಅದು ಠೇವಣಿಯದೇ ಅಲ್ಲ, ಐದು ವರ್ಷ ಕಂತು ಕಟ್ಟಬೇಕಾದ ವಿಮೆಯದು. ನಾನು ಅಡ್ಡ ಹೋಗಿ ಕೇಳಿದಾಗ ಹುಡುಗ ತಲೆ ತಗ್ಗಿಸಿ ಒಂದೇ ಪದ ಹೇಳಿದ: ಟಾರ್ಗೆಟ್. ಅವನ ಮೇಲೆ ನನಗೆ ಸಿಟ್ಟಿಲ್ಲ. ಮೇಲಿನವರಿಂದ ಅವನಿಗೆ ಇಳಿದು ಬಂದ ಪರಮ ಶ್ರೇಯಸ್ಸು ಅದೊಂದೇ. ಜನರಿಗೆ ಅರ್ಥವಾಗದ ಭಾಷೆಯಲ್ಲಿ ಜನರ ಒಳಿತನ್ನು ಬರೆದು ತೂಗುಹಾಕುವ ಈ ಚಾಳಿ ಬ್ಯಾಂಕಿನಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಶಾಲೆಗೆ ಹಬ್ಬಿದೆ. ಯಾರ ಒಳಿತೋ ಅವರೇ ಓದಲಾಗದಿದ್ದರೆ ‘ಪರಸ್ಪರ’ ಎಲ್ಲಿಂದ ಬರಬೇಕು? ಕನ್ನಡಕ್ಕಾಗಿ ನಾವು ಪತ್ರಿಕೆಯವರು ಹಟ ಹಿಡಿದಾಗ ಭಾವುಕತೆ ಎನ್ನುತ್ತಾರೆ. ಆ ಅಜ್ಜಿಯ ಠೇವಣಿ ಭಾವುಕತೆಯ ವಿಷಯವಲ್ಲ.

ಕಾನೂನು ಕೂಡ ನಿಮ್ಮ ‘ಲಾಭ ಸಾಕು’ ಎಂಬ ಮಾತನ್ನು ದಾಟಿ ಬಂದಿದೆ. 2013ರ ಕಂಪನಿ ಕಾಯ್ದೆಯ 166ನೇ ಸೆಕ್ಷನ್, ನಿರ್ದೇಶಕರು ಷೇರುದಾರರ ಜೊತೆಗೆ ನೌಕರರು, ಸಮುದಾಯ, ಪರಿಸರ ಇವರೆಲ್ಲರ ಹಿತವನ್ನೂ ನೋಡಬೇಕೆನ್ನುತ್ತದೆ. ಲೆಕ್ಕಪತ್ರದವರಾದ ನಿಮಗೆ 2006ರ ಸಣ್ಣ ಉದ್ದಿಮೆಗಳ ಕಾಯ್ದೆ ಗೊತ್ತೇ ಇರುತ್ತದೆ. ನೋಂದಾಯಿತ ಸಣ್ಣ ಘಟಕದಿಂದ ಸರಕು ತೆಗೆದುಕೊಂಡರೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಿಮ್ಮ ಮೇಜಿನ ಮೇಲಿರುವ ಬಿಲ್ಲಿಗೆ 90 ದಿನ. ಚೀಲ ಮಾಡಿದವರು ನೂಲಿಗೆ ಸಾಲ ತಂದಿರುತ್ತಾರೆ, ಹೊಲಿದ ಹೆಂಗಸರಿಗೆ ಶನಿವಾರ ಬಟವಾಡೆ ಮಾಡಬೇಕಿರುತ್ತದೆ. ಅವರ ಚೀಲದಲ್ಲಿ ನಿಮ್ಮ ಅಕ್ಕಿ ಮಾರಾಟವಾಗಿ, ದುಡ್ಡೂ ಬಂದಾಯಿತು.

ನಿಮ್ಮ ಮಾಲೀಕರು ಕೆಟ್ಟವರೆಂದು ನಾನು ಭಾವಿಸಿಲ್ಲ. ಆ ಶ್ಲೋಕವನ್ನು ಹುಡುಕಿ ಹಾಕಿಸಿದವರ ಮನಸ್ಸಿನಲ್ಲಿ ಏನೋ ಒಳ್ಳೆಯದು ಮಿಡಿದಿರಲೇಬೇಕು. ಆದ್ದರಿಂದ ನೀವು ‘ಅಲಂಕಾರ’ ಎಂದು ಮೂಲೆಯಲ್ಲಿ ಗೊಣಗುವುದನ್ನು ಬಿಡಿ. ಸೋಮವಾರ ಬೆಳಿಗ್ಗೆ ಆ ಬಿಲ್ಲು ಹಿಡಿದು ಅವರ ಕೋಣೆಗೆ ಹೋಗಿ. 12ನೇ ಶ್ಲೋಕವನ್ನು ಒಂದು ಚೀಟಿಯಲ್ಲಿ ಕನ್ನಡ ಅರ್ಥದೊಂದಿಗೆ ಬರೆದು ಅದರ ಜೊತೆಗಿಡಿ. ಚೆಕ್ಕಿಗೆ ಸಹಿ ಬಿದ್ದ ದಿನ ನಮಗೆ ಎರಡು ಸಾಲು ಬರೆಯಿರಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.